ನಾಣ್ಯ ಮಾರುವವರ ಕಾಟ ತಪ್ಪಿಸಿದ್ದು ಹೀಗೆ

ನಮ್ಮ ಪುಟ್ಟ ಆನ್‌ಲೈನ್ ಗೇಮ್‌ಗೆ ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಮಾರುವವರು ಸೇರಿಕೊಂಡಿದ್ದರು. ಬೆಳಿಗ್ಗೆ ಬ್ಯಾನ್ ಮಾಡಿದರೆ ಸಂಜೆಗೆ ಹೊಸ ಹೆಸರಲ್ಲಿ ಹಾಜರ್.

ಆಟದ ಲಾಗ್ (ಯಾರು ಏನು ಮಾಡಿದರು ಎಂಬ ದಾಖಲೆ) ಕೆದಕಿದಾಗ ಗುಟ್ಟು ಸಿಕ್ಕಿತು. ಯಾರಿಗೂ ಬೇಡದ ಮರದ ಕತ್ತಿ 50 ಲಕ್ಷ ನಾಣ್ಯಕ್ಕೆ ಮಾರಾಟವಾಗಿತ್ತು! ಗಿರಾಕಿ ಯುಪಿಐನಲ್ಲಿ ದುಡ್ಡು ಹಾಕುತ್ತಾನೆ, ಆಟದ ಸಂತೆಯಲ್ಲಿ ಕತ್ತಿ ಇಡುತ್ತಾನೆ. ದಂಧೆಯವನು ಅದನ್ನು ಕೊಂಡು ನಾಣ್ಯ ದಾಟಿಸುತ್ತಾನೆ.

ಕೊಡು-ಕೊಳ್ಳುವುದನ್ನೇ ನಿಲ್ಲಿಸಬಹುದಿತ್ತು. ರೂನ್‌ಸ್ಕೇಪ್ ಎಂಬ ಆನ್‌ಲೈನ್ ಗೇಮ್ 2008ರಲ್ಲಿ ಹಾಗೆ ಬಿಗಿ ಮಾಡಿ, 2011ರಲ್ಲಿ ಮತ್ತೆ ಸಡಿಲಿಸಿತು. ಗೆಳೆಯನಿಗೆ ಸುಮ್ನೆ ಒಂದು ಗುರಾಣಿ ಕೊಡಲೂ ಆಗದಿದ್ದರೆ ಅದೆಂಥ ಆಟ, ಅಲ್ವಾ?

ಹಾಗಾಗಿ ಸಂತೆಯನ್ನೇ ಬದಲಾಯಿಸಿದೆವು. ಈಗ ಮಾರುವವರ ಹೆಸರು ಕಾಣುವುದಿಲ್ಲ. ಒಂದೇ ಬಗೆಯ ಮಾಲಿನಲ್ಲಿ ಕಡಿಮೆ ಬೆಲೆಯದ್ದೇ ಮೊದಲು ಹೋಗುತ್ತದೆ. ಅಗ್ಗದ ಕತ್ತಿಗಳೆಲ್ಲ ಖಾಲಿಯಾಗುವ ತನಕ 50 ಲಕ್ಷದ ಕತ್ತಿಯ ಸರದಿ ಬರುವುದಿಲ್ಲ. ಒಳ್ಳೆಯ ಕವಚ ಒಮ್ಮೆ ತೊಟ್ಟರೆ ತೊಟ್ಟವರಿಗೇ ಮೀಸಲು. ಹೊಸ ಅಕೌಂಟ್ ಗಳಿಸಿದ ನಾಣ್ಯವನ್ನು ಕೆಲವು ದಿನ ಬೇರೆಯವರಿಗೆ ಕೊಡುವಂತಿಲ್ಲ. ಬಾಟ್ (ತಾನೇ ಆಟ ಆಡುವ ಪ್ರೋಗ್ರಾಂ) ಓಡಿಸಿ ನಾಣ್ಯ ಗಳಿಸುವವರಿಗೆ ಜಾಸ್ತಿ ಪೆಟ್ಟು ಬಿದ್ದದ್ದು ಇದರಿಂದಲೇ.

ಚಾಟ್‌ನಲ್ಲಿ ನಾಣ್ಯ ಮಾರುವವರ ಜಾಹೀರಾತು ಈಗ ಅಪರೂಪ. ಇಡೀ ಅಕೌಂಟನ್ನೇ ಮಾರುವವರು ಮಾತ್ರ ಇನ್ನೂ ಇದ್ದಾರೆ. ಅದಕ್ಕೆ ಮದ್ದು ಸಿಕ್ಕಿಲ್ಲ.