ಬೂಷ್ಟು ಹಿಡಿದ ಕ್ಯಾಸೆಟ್‌ನಿಂದ ಮುತ್ಯಾನ ದನಿ ತೆಗೆದೆ

"ಆ ಟೇಪು ಮುಗೀತು ಬಿಡ್ರಿ" ಎಂದವರೇ ಈಗ ಪದ ಕೇಳಿಕೊಂಡು ಮನೆಗೆ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆಳಂದ ಕಡೆಯ ನಮ್ಮ ಮುತ್ಯಾ ಸೈಕಲ್ ಪಂಕ್ಚರ್ ಹಾಕುತ್ತಿದ್ದರು. ಕಾವಿ ಇಲ್ಲ, ಮಠ ಇಲ್ಲ. ಕಾಲು ಮುಟ್ಟಲು ಬಂದವರ ಕೈಗೆ ಪಂಪ್ ಕೊಟ್ಟು "ಗಾಳಿ ಹೊಡಿ" ಅನ್ನುತ್ತಿದ್ದರು. ಅಮಾವಾಸ್ಯೆ ರಾತ್ರಿ ಮಾತ್ರ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪ, ಚನ್ನೂರು ಜಲಾಲಸಾಬರ ತತ್ವಪದ ಹಾಡುತ್ತಿದ್ದರು. ಅವರು ಹೋದ ಮೇಲೆ ಊರವರು ಗದ್ದುಗೆಗೆ ಮಾರ್ಬಲ್ ಹಾಕಿಸಲು ಪಟ್ಟಿ ಎತ್ತಿದರು. ಅದರಲ್ಲಿ ಸ್ವಲ್ಪ, ಅವರ ಹಾಡು ರೆಕಾರ್ಡ್ ಆಗಿರುವ ಈ ಕ್ಯಾಸೆಟ್‌ಗಳಿಗೆ ಕೊಡಿ ಅಂದೆ. ನಕ್ಕರು.

ಮೊದಲು ಒಂದು ಅಂಗಡಿಗೆ ಕೊಟ್ಟಿದ್ದೆ. ಎರಡು ಸಾವಿರ ಚಿಲ್ಲರೆ ತೆಗೆದುಕೊಂಡು, ಬೂಷ್ಟು ಸಮೇತ ಓಡಿಸಿ, ಒಂದು ಟೇಪನ್ನು ಮಷಿನ್‌ಗೆ ನುಂಗಿಸಿದರು. ಆಮೇಲೆ ನಾನೇ ಕೂತೆ. ಕ್ಯಾಸೆಟ್ ಓಡಿಸುವ ಹಳೇ ಡೆಕ್‌ಗೆ ಮೂರೂವರೆ ಸಾವಿರ ಕೊಟ್ಟಿರಬಹುದು, ದನಿಯನ್ನು ಕಂಪ್ಯೂಟರ್‌ಗೆ ಇಳಿಸುವ ಸೌಂಡ್ ಕಾರ್ಡ್‌ಗೆ ಸಾವಿರದ ಆಸುಪಾಸು. ಸುರುಳಿ ಬದಲಾಯಿಸಿ ಹಾಕಲು, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಗುಜರಿ ಕ್ಯಾಸೆಟ್ ಹತ್ತಿಪ್ಪತ್ತು ರೂಪಾಯಿಗೊಂದು ಸಿಕ್ಕವು.

ಕೆಲಸವೆಲ್ಲ ಒಣಗಿಸುವುದರಲ್ಲೇ ಇದೆ. ಹಸಿ ಬೂಷ್ಟು ಒರೆಸಿದರೆ ಇನ್ನೂ ಮೆತ್ತಿಕೊಳ್ಳುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿ ವಾರಗಟ್ಟಲೆ ಮುಚ್ಚಿಟ್ಟೆ. "ಕಲಬುರಗಿ ಬಿಸಿಲು ಇರುವಾಗ ಜೆಲ್ ಯಾಕೆ?" ಅಂದರು ಕೆಲವರು. ಬಿಸಿಲಿಗಿಟ್ಟರೆ ಶೆಲ್, ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಅಷ್ಟೇ. ಒಣಗಿದ ಮೇಲೆ ಮಾಸ್ಕ್, ಮೆತ್ತನೆ ಬ್ರಷ್, ಆಮೇಲೆ ಸುರುಳಿ ಬೇರೆ ಶೆಲ್‌ಗೆ. ಟೇಪ್ ಓದುವ ಹೆಡ್‌ನ ಓರೆ ಸರಿಮಾಡುವ ಅಜಿಮತ್ ಸ್ಕ್ರೂ ಪ್ರತಿ ಕ್ಯಾಸೆಟ್‌ಗೂ ಹೊಸದಾಗಿ ಕೂರಿಸಬೇಕು. ಅಂಗಡಿಯವರು ಅದನ್ನು ಮುಟ್ಟುವುದೇ ಇಲ್ಲ. ಕೀರಲು ಬಿಡುವ ಟೇಪ್‌ಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಇಲ್ಲಿ ಹೇಳಲ್ಲ.

ಸುಮ್ನೆ ನೋಡೋಣ ಅಂತ ಸಾಫ್ಟ್‌ವೇರ್‌ನಲ್ಲಿ ಗದ್ದಲ ಕಳೆಯುವ ನಾಯ್ಸ್ ರಿಡಕ್ಷನ್ ಹಾಕಿದೆ. ಸರಭರ ಹೋಯಿತು, ಜೊತೆಗೆ ಏಕತಾರಿಯೂ ಹೋಯಿತು. ಒಂದೇ ಸಮನೆ ಮಿಡಿಯುವ ತಂತಿಯನ್ನೂ ಅದು ಗದ್ದಲ ಅಂದುಕೊಳ್ಳುತ್ತದೆ. ತೆಗೆದುಬಿಟ್ಟೆ. ಸರಭರ ಇರಲಿ.

ತೊಂಬತ್ತು ನಿಮಿಷದ ಕ್ಯಾಸೆಟ್‌ಗಳದ್ದು ಇನ್ನೊಂದು ತಮಾಷೆ. ಟೇಪು ತೆಳು, ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೂ ಅಂಟುತ್ತದೆ. ಹಾಗಾಗಿ "ಏ, ಆ ಡಬ್ಬಿ ಬಂದ್ ಮಾಡಲೇ, ಪದ ನಂದಲ್ಲ" ಅಂತ ಮುತ್ಯಾ ರೆಕಾರ್ಡ್ ಮಾಡುವವನಿಗೆ ಗದರುವುದಕ್ಕೆ ಒಂದೆರಡು ಸೆಕೆಂಡ್ ಮೊದಲೇ ಅದೇ ಗದರಿಕೆ ಸಣ್ಣಗೆ ಕೇಳಿಸುತ್ತದೆ! ಅದನ್ನೂ ತೆಗೆದಿಲ್ಲ.

ಇಪ್ಪತ್ತು ಚಿಲ್ಲರೆ ಕ್ಯಾಸೆಟ್‌ನಲ್ಲಿ ಮೂರೋ ನಾಲ್ಕೋ ಬಿಟ್ಟು ಎಲ್ಲ ಬಂದಿವೆ. ಮಾರ್ಬಲ್ ಕಮಿಟಿಯವರಿಗೂ ಕಾಪಿ ಕೊಟ್ಟೆ. ದುಡ್ಡು ತೆಗೆದುಕೊಳ್ಳಲ್ಲ, ಪೆನ್ ಡ್ರೈವ್ ಮಾತ್ರ ನೀವೇ ತರಬೇಕು.