ರೊಂಗೆಲಾಪಿನ ತೆಂಗಿಗೆ ಪೊಟ್ಯಾಷ್ ಹಾಕಿದ್ದು

ಹೆಕ್ಟೇರಿಗೆ ಎರಡು ಟನ್ ಎಂಒಪಿ, ಅಂದರೆ ಪೊಟ್ಯಾಷ್ ಗೊಬ್ಬರದ ಉಪ್ಪು, ಅಂದಾಗ ತಿಪಟೂರಿನ ನಮ್ಮ ಭಾವ ಫೋನಿನಲ್ಲೇ ನಕ್ಕುಬಿಟ್ಟರು. "ಮರ ಸುಟ್ಟುಹೋಗುತ್ತೆ ಕಣೋ, ನಿನಗೇನು ತಲೆ ಕೆಟ್ಟಿದೆಯಾ?" ನಮ್ಮಲ್ಲಿ ಮರಕ್ಕೆ ವರ್ಷಕ್ಕೆ ಎರಡು ಕೆಜಿ ಹಾಕುವವನೇ ದೊಡ್ಡ ಬೇಸಾಯಗಾರ. ನಾನು ಹಾಕಿದ್ದು ಅದರ ಐದಾರು ಪಟ್ಟು. ಮರ ಸುಡಲಿಲ್ಲ.

ಜಾಗ ಮಾರ್ಷಲ್ ದ್ವೀಪಗಳ ರೊಂಗೆಲಾಪ್. 1954ರ ಮಾರ್ಚ್ 1ರಂದು ಅಮೆರಿಕದವರು ಪಕ್ಕದ ಬಿಕಿನಿ ದ್ವೀಪದಲ್ಲಿ ಸಿಡಿಸಿದ ಹದಿನೈದು ಮೆಗಾಟನ್ ಹೈಡ್ರೋಜನ್ ಬಾಂಬಿನ ವಿಕಿರಣದ ಬೂದಿ ಸುಣ್ಣದ ಪುಡಿಯ ಹಾಗೆ ಉದುರಿದ್ದು ಈ ಊರಿನ ಮೇಲೆ. ಜನರನ್ನು ಎತ್ತಿಕೊಂಡು ಹೋದರು, 1957ರಲ್ಲಿ ಇನ್ನು ಭಯವಿಲ್ಲ ಅಂತ ವಾಪಸ್ ತಂದು ಬಿಟ್ಟರು, 1985ರಲ್ಲಿ ಜನರೇ ಗ್ರೀನ್‌ಪೀಸ್ ಹಡಗು ಹತ್ತಿ ಮೆಜಾಟ್ಟೋ ಅನ್ನುವ ಬೇರೆ ದ್ವೀಪಕ್ಕೆ ಹೊರಟುಹೋದರು. 1996ರ ಒಪ್ಪಂದದಲ್ಲಿ ಅಮೆರಿಕ ಪುನರ್ವಸತಿಗೆಂದು 4.5 ಕೋಟಿ ಡಾಲರ್ ಕೊಟ್ಟಿತು. ಆ ಕೆಲಸಕ್ಕೆ ಬಂದ ಗುತ್ತಿಗೆದಾರನ ಕೈಕೆಳಗೆ ತೋಟದ ಮೇಸ್ತ್ರಿಯಾಗಿ ನಾನು ಸೇರಿದೆ.

ಉಪಾಯ ನನ್ನದಲ್ಲ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರು ಬಿಕಿನಿಯ ತೆಂಗಿನಲ್ಲಿ ಮೊದಲೇ ಮಾಡಿ ತೋರಿಸಿದ್ದು. ಹವಳದ ಮರಳಿನಲ್ಲಿ ಜೇಡಿಯೂ ಇಲ್ಲ, ಪೊಟ್ಯಾಷೂ ಇಲ್ಲ. ಹಸಿದ ಬೇರು ಪೊಟ್ಯಾಷಿನ ಬದಲು ಬಾಂಬಿನ ಬೂದಿಯಲ್ಲಿದ್ದ ವಿಕಿರಣದ ವಸ್ತು ಸೀಸಿಯಂ-137 ಅನ್ನೇ ಬಾಚಿಕೊಳ್ಳುತ್ತದೆ. ಹೊಟ್ಟೆ ತುಂಬಾ ಪೊಟ್ಯಾಷ್ ಕೊಟ್ಟರೆ ಬಿಡುತ್ತದೆ. ಅಷ್ಟೇ ತತ್ವ.

ಬುಲ್ಡೋಜರಿನವರಿಗೆ ಇದು ತಮಾಷೆ. ಮನೆ ಕಟ್ಟುವ ಜಾಗದಲ್ಲಿ ಅವರು ಕಾಲು ಮೀಟರ್ ಮಣ್ಣು ಕೆರೆದು ಹವಳದ ಜಲ್ಲಿ ಹಾಸುತ್ತಿದ್ದರು. "ಇಡೀ ದ್ವೀಪವನ್ನೇ ಕೆರೆದುಬಿಟ್ಟರೆ ಮುಗೀತಲ್ಲ" ಅನ್ನುತ್ತಿದ್ದರು. ಆಮೇಲೆ ಬೆಳೆಯುವುದು ಎಲ್ಲಿ, ಜಲ್ಲಿಯ ಮೇಲಾ? ಅಲ್ಲಿ ಇರುವುದೇ ಗೇಣುದ್ದದ ಕಪ್ಪು ಮಣ್ಣು. ನನಗೆ ಊಟದ ಮನೆಯಲ್ಲಿ "ಉಪ್ಪಿನವನು" ಅಂತ ಹೆಸರಿಟ್ಟಿದ್ದರು.

ಮೊದಲ ಸರಕೇ ಕೈಕೊಟ್ಟಿತು. ದೋಣಿಯವರು ಟಾರ್ಪಾಲು ಸರಿಯಾಗಿ ಕಟ್ಟಿರಲಿಲ್ಲ, ಉಪ್ಪುಗಾಳಿಗೆ ಮೂಟೆಗಳು ಕಲ್ಲಾಗಿದ್ದವು. ಹಾರೆಯಲ್ಲಿ ಒಡೆಯಬೇಕಾಯಿತು. ಐವತ್ತು ಕೆಜಿಯ ಮೂಟೆಗೆ ಗೊಬ್ಬರದ ಬೆಲೆಗಿಂತ ಸಾಗಣೆಯೇ ಒಂದೂವರೆ ಪಟ್ಟು ಬಿತ್ತು ಅಂತ ನೆನಪು. ಮುಂದಿನ ಸರಕು ಕಲ್ಲಾಗದ ಹಾಗೆ ಏನು ಮಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ಎರಡನೇ ತಪ್ಪು, ಬೇಸಿಗೆಯಲ್ಲಿ ಎರಚಿದ್ದು. ಮಳೆ ಬಾರದೆ ಎರಡು ತಿಂಗಳು ಬುಡದಲ್ಲಿ ಬಿಳಿ ಹೆಪ್ಪುಗಟ್ಟಿ ಕೂತಿತು, ಸಸಿಗಳ ಗರಿತುದಿ ಕರಿಕಾಯಿತು. ನಾಲ್ಕೈದು ಡಜನ್ ಸಸಿ ಹೋದವು.

ಮೂರನೆಯದು ನಮ್ಮೂರಿನ ಬುದ್ಧಿ. ಸುಲಿದ ಮಟ್ಟೆಯನ್ನು ಪಾತಿ ತೆಗೆದು ಹೂತೆ. ತೇವಕ್ಕೆ ತೇವ, ಪೊಟ್ಯಾಷಿಗೆ ಪೊಟ್ಯಾಷ್, ನಾವೆಲ್ಲ ಮಾಡುವುದೇ. ಆದರೆ ಅಲ್ಲಿಯ ಹಳೆ ಮರದ ಮಟ್ಟೆಯಲ್ಲಿ ಸೀಸಿಯಮ್ಮೂ ಇರುತ್ತದೆ! ತೆಗೆಯಬೇಕಾದದ್ದನ್ನು ನಾನೇ ಬೇರಿನ ಬಾಯಿಗೆ ಇಡುತ್ತಿದ್ದೆ. ವಿಕಿರಣ ಮಾಪಕ ಹಿಡಿದ ಹುಡುಗ ತೋರಿಸಿದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ? ಎಲ್ಲ ಅಗೆದು ತೆಗೆಸಿದೆ, ಎಂಟು ಆಳು, ಹತ್ತು ದಿನದ ಕೂಲಿ. ಬೂದಿ ಮಾಡಿ ಹಾಕೋಣ ಅಂತ ಯಾರೋ ಅಂದರು. ಸುಟ್ಟರೆ ಸೀಸಿಯಂ ನಾಶವಾಗಲ್ಲ, ಹೆಚ್ಚಿನ ಪಾಲು ಬೂದಿಯಲ್ಲೇ ಗಟ್ಟಿಯಾಗಿ ಉಳಿಯುತ್ತದೆ.

ಮೂರು ತಿಂಗಳಿಗೆ ಬಲಿತ ಕಾಯಿ ಪರೀಕ್ಷೆಗೆ ಕಳಿಸಿದೆವು. ಏನೂ ಇಳಿದಿರಲಿಲ್ಲ. ಬುಲ್ಡೋಜರಿನವರಿಗೆ ಹಬ್ಬ. ಹೊಂಬಾಳೆ ಒಡೆದು ಕಾಯಿ ಬಲಿಯಲು ವರ್ಷ ಬೇಕು ಅನ್ನುವುದು ನಮಗೆ ಗೊತ್ತು, ಅವರಿಗೆ ಹೇಗೆ ಹೇಳುವುದು? ಗೊಬ್ಬರ ಬಿದ್ದ ಮೇಲೆ ಒಡೆದ ಹೊಂಬಾಳೆಗಳಿಗೆ ಮಾತ್ರ ಕೆಂಪು ಬಣ್ಣ ಬಳಿದು ಕಾದೆ. ಮುಂದಿನ ವರ್ಷ ಆ ಗೊನೆಗಳ ಲೆಕ್ಕ ಬಂದಾಗ ಸೀಸಿಯಂ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಬಿಕಿನಿಯವರಿಗೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿದ್ದು. ಆಮೇಲೆ ಉಪ್ಪಿನವನು ಅಂತ ಯಾರೂ ಕರೆಯಲಿಲ್ಲ.

ನಡುವೆ ಏಡಿಯ ಹುಚ್ಚೂ ಹಿಡಿದಿತ್ತು. ತೆಂಗಿನ ಏಡಿ ಅಲ್ಲಿಯವರಿಗೆ ಪ್ರಾಣ. ಅದರ ಮೈಯ ಸೀಸಿಯಮ್ಮೂ ಇಳಿಯುತ್ತದೋ ನೋಡೋಣ ಅಂತ ಗೊಬ್ಬರ ಹಾಕಿದ ಮರದ ಕಾಯಿ ತಿನ್ನಿಸಿ ನಾಲ್ಕು ಏಡಿ ಸಾಕಿದೆ. ಎರಡು ಪಂಜರ ಮುರಿದು ಓಡಿಹೋದವು, ಇನ್ನೆರಡನ್ನು ಅಡುಗೆಯವನು ಬೇಯಿಸಿಬಿಟ್ಟ. ಉತ್ತರದ ದ್ವೀಪಗಳಲ್ಲಿ ಬೂದಿ ಹೆಚ್ಚು ಬಿದ್ದಿದೆ. ಜನ ಏಡಿ ಹಿಡಿಯಲು ಅಲ್ಲಿಗೇ ಹೋದರೆ ನನ್ನ ಪೊಟ್ಯಾಷ್ ಏನು ಮಾಡೀತು?

ಜನ ಸಾಲುಗಟ್ಟಿ ಬರಲಿಲ್ಲ, ಅದನ್ನೂ ಹೇಳಬೇಕು. ಶಾಲೆ, ಆಸ್ಪತ್ರೆ, ಸಂಬಳ ಎಲ್ಲ ಇರುವುದು ರಾಜಧಾನಿ ಮಜುರೋದಲ್ಲಿ. ಜಾಗ ನೋಡಲು ಬಂದ ಒಬ್ಬ ಬೂಬೂ, ಅಂದರೆ ಅಜ್ಜಿ, ಎಳನೀರು ಕೆತ್ತಿ ನನ್ನ ಕೈಗಿಟ್ಟರು. "ಐವತ್ತೇಳರಲ್ಲೂ ಹೀಗೇ ಹೇಳಿದ್ದರು. ನೀನು ಕುಡಿ." ಕುಡಿದೆ. ತಿಂಗಳುಗಟ್ಟಲೆ ದಿನಕ್ಕೆ ಎರಡರಂತೆ ಕುಡಿಯುತ್ತಲೇ ಇದ್ದೇನೆ ಅಂದೆ. ಮೈಯ ವಿಕಿರಣ ಅಳೆಯುವ ಕುರ್ಚಿಯಲ್ಲಿ ಹದಿನೈದು ನಿಮಿಷ ಕೂತು ಬಂದ ಚೀಟಿಯನ್ನೂ ತೋರಿಸಿದೆ. ನಾನು ಬಂದ ದಿನದ ಚೀಟಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವ ಮರ?" ಅಂದರು. ತೋರಿಸಿದೆ. ಮೊಮ್ಮಗನನ್ನು ಹತ್ತಿಸಿ ಆರು ಕಾಯಿ ಕೆಡವಿಸಿಕೊಂಡು ದೋಣಿಗೆ ನಡೆದರು. ಸುಲಿದ ಮಟ್ಟೆಯನ್ನು ಮಾತ್ರ ನಾನೇ ಹೊತ್ತುಕೊಂಡು ಹೋಗಿ ದೂರದ ರಾಶಿಗೆ ಹಾಕಿದೆ.