ಮಾನಿಟರ್, ಕೀಬೋರ್ಡ್ ಇಲ್ಲದ ಹಳೆ ಕಂಪ್ಯೂಟರ್ ಸೆಟಪ್ ಮಾಡುವುದು ಹೇಗೆ?

ಮಾನಿಟರ್ ಕೆಟ್ಟಿದೆ, ಕೀಬೋರ್ಡ್ ಎಲ್ಲೋ ಕಳೆದಿದೆ ಅಂತ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ಫೋಟೊ, ಫೈಲುಗಳನ್ನೆಲ್ಲ ಒಂದೇ ಕಡೆ ಇಡುವ ಸರ್ವರ್ ಆಗಿ ಅದು ಇನ್ನೂ ಚೆನ್ನಾಗಿ ದುಡಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೂತೇ ಅದನ್ನು ನಡೆಸಬಹುದು.

ಆದರೆ ಶುರುವಿನಲ್ಲಿ ಒಂದೆರಡು ಗಂಟೆ ಮಟ್ಟಿಗೆ ಯಾರಿಂದಾದರೂ ಮಾನಿಟರ್, ಕೀಬೋರ್ಡ್ ಕೇಳಿ ತನ್ನಿ. ಟಿವಿಗೆ ಕೇಬಲ್ ಹೊಂದಿದರೆ ಅದೂ ಸಾಕು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ನಲ್ಲಿ ಲಿನಕ್ಸ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್) ಇನ್‌ಸ್ಟಾಲ್ ಮಾಡಿ ತರುವವರೂ ಇದ್ದಾರೆ. ನನಗೆ ಆ ದಾರಿ ಇಷ್ಟವಿಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಹೆಸರು ಸಾಮಾನ್ಯವಾಗಿ ಅದು ಕೂತಿರುವ ಜಾಗ ನೋಡಿ ಬರುತ್ತದೆ. ಕಂಪ್ಯೂಟರ್ ಬದಲಾದರೆ ಹೆಸರೂ ಬದಲಾಗಿ, ನೆಟ್‌ವರ್ಕ್ ಏಳದೇ ಹೋಗಬಹುದು.

ಮೊದಲು ಪ್ಲಗ್ ಕಿತ್ತು, ಮದರ್‌ಬೋರ್ಡ್‌ನಲ್ಲಿರುವ ಬಿಲ್ಲೆಯಂಥ ಸೆಲ್ ಬದಲಾಯಿಸಿ. ಸಾಮಾನ್ಯವಾಗಿ ಅದು 3 ವೋಲ್ಟ್‌ನ ಸಿಆರ್2032. ಅದು ಸತ್ತಿದ್ದರೆ ಮುಂದೆ ಮಾಡುವ ಸೆಟ್ಟಿಂಗ್‌ಗಳೆಲ್ಲ ಕರೆಂಟ್ ಹೋದಾಗ ಅಳಿಸಿಹೋಗಬಹುದು.

ಈಗ ಆನ್ ಮಾಡಿ, ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಜಾಸ್ತಿ ಜನ ಎಡವುವುದು ಇಲ್ಲೇ. ಎಷ್ಟೋ ಹಳೆ ಬೋರ್ಡ್‌ಗಳು ಕೀಬೋರ್ಡ್ ಕಾಣದಿದ್ದರೆ ‘ಎಫ್1 ಒತ್ತಿ’ ಎಂದು ಪರದೆಯಲ್ಲಿ ತೋರಿಸಿ ಅಲ್ಲೇ ನಿಂತುಬಿಡುತ್ತವೆ. ಪರದೆ ಇಲ್ಲದೆ ಅದು ನಮಗೆ ಗೊತ್ತಾಗುವುದು ಹೇಗೆ, ಅಲ್ವಾ? ಫ್ಯಾನ್ ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ನಾವು ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರುತ್ತೇವೆ. ‘ಹಾಲ್ಟ್ ಆನ್’ ಎಂಬಲ್ಲಿ ‘ನೋ ಎರರ್ಸ್’ ಅಥವಾ ‘ಆಲ್ ಬಟ್ ಕೀಬೋರ್ಡ್’ ಆರಿಸಿ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಎಂಬ ಸೆಟ್ಟಿಂಗ್ ಕೂಡ ಇರುತ್ತದೆ. ಅಲ್ಲಿ ‘ಲಾಸ್ಟ್ ಸ್ಟೇಟ್’ ಬೇಡ, ‘ಪವರ್ ಆನ್’ ಇಡಿ. ಆಗ ಗುಂಡಿ ಒತ್ತದೆಯೇ ಕಂಪ್ಯೂಟರ್ ಏಳುತ್ತದೆ.

ರೌಟರ್‌ಗೆ ಕೇಬಲ್ ಚುಚ್ಚಿ, ಪೆನ್‌ಡ್ರೈವ್‌ನಿಂದ ಡೆಬಿಯನ್ ಎಂಬ ಲಿನಕ್ಸ್ ಹಾಕಿ. ಡಿಸ್ಕ್‌ನಲ್ಲಿ ಹಳೆ ಫೋಟೊಗಳಿದ್ದರೆ ಮೊದಲೇ ಕಾಪಿ ಮಾಡಿಕೊಳ್ಳಿ. 32 ಬಿಟ್ ಪ್ರೊಸೆಸರ್ ಆಗಿದ್ದರೆ ಡೆಬಿಯನ್ 12 ಹಾಕಬೇಕು. 2025ರಲ್ಲಿ ಬಂದ 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ. ಕೊನೆಯಲ್ಲಿ ಯಾವ ಯಾವ ಸಾಫ್ಟ್‌ವೇರ್ ಬೇಕು ಎಂದು ಕೇಳಿದಾಗ ಡೆಸ್ಕ್‌ಟಾಪ್‌ನ ಟಿಕ್ ತೆಗೆದು, ‘ಎಸ್‌ಎಸ್‌ಎಚ್ ಸರ್ವರ್’ಗೆ ಟಿಕ್ ಹಾಕಿ. ಎಸ್‌ಎಸ್‌ಎಚ್ ಅಂದರೆ ಬೇರೆ ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ಕಮಾಂಡ್ ಕೊಡುವ ವ್ಯವಸ್ಥೆ. ಇದನ್ನು ಮರೆತರೆ ಹೊರಗಿನಿಂದ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ.

ಬ್ರೌಸರ್‌ನಲ್ಲಿ ತೆರೆಯುವ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಈ ಕಂಪ್ಯೂಟರ್‌ನ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ ಕಾಣುತ್ತದೆ. ಅದು ಬದಲಾಗದಂತೆ ಅಲ್ಲೇ ಕಾಯ್ದಿರಿಸಿ. ಲ್ಯಾಪ್‌ಟಾಪ್‌ನ ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡುವ ಕಿಟಕಿ) ಎಸ್‌ಎಸ್‌ಎಚ್ ಮೂಲಕ ಆ ವಿಳಾಸಕ್ಕೆ ಲಾಗಿನ್ ಆಗಿ.

ಅಲ್ಲಿಂದಲೇ ಶಟ್‌ಡೌನ್ ಮಾಡಿ. ಮಾನಿಟರ್, ಕೀಬೋರ್ಡ್ ಬಿಚ್ಚಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮುಟ್ಟಬೇಡಿ, ಅದಿಲ್ಲದೆ ಕೆಲವು ಬೋರ್ಡ್‌ಗಳು ಏಳುವುದಿಲ್ಲ. ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಎರಡು ನಿಮಿಷ ಕಾದು ಇನ್ನೊಮ್ಮೆ ಲಾಗಿನ್ ಆಗಿ ನೋಡಿ. ಒಳಗೆ ಹೋದಿರಾ? ಹಾಗಾದರೆ ತಂದ ಮಾನಿಟರ್ ವಾಪಸ್ ಕೊಟ್ಟು ಬನ್ನಿ.